ಸರ್ ಬೆನಗಲ್ ನರಸಿಂಗರಾಯರು

ಭಾರತದ ಸಂವಿಧಾನದ ಮಾತು ಬಂದಾಗ ನಾವು ಮೊದಲು ನೆನೆಯುವುದು ಡಾ. ಅಂಬೇಡ್ಕರರನ್ನು. ಅದು ಯೋಗ್ಯವೇ. ಆದರೆ ಅಂಬೇಡ್ಕರರ ಸಮಿತಿಯ ಮುಂದೆ ಬಂದ ಮೊದಲ ಕರಡನ್ನು ಸಿದ್ಧಪಡಿಸಿದವರು ನಮ್ಮ ಕರಾವಳಿಯವರು ಎಂಬುದನ್ನು ನಮ್ಮಲ್ಲೇ ಅನೇಕರು ಅರಿಯರು. ಅವರೇ ಸರ್ ಬೆನಗಲ್ ನರಸಿಂಗರಾಯರು. ಕಾನೂನು ಪಂಡಿತರಾದ ಇವರು ಬಾಳಿನ ಸಂಜೆಯಲ್ಲಿ ವಿಶ್ವಸಂಸ್ಥೆಯಲ್ಲಿ ಸ್ವತಂತ್ರ ಭಾರತದ ಪ್ರತಿನಿಧಿಯಾಗಿ ದುಡಿದರು.

ರಾಯರು 1887ರ ಫೆಬ್ರವರಿ 26ರಂದು ಜನಿಸಿದರು. ತಂದೆ ಬೆನಗಲ್ ರಾಘವೇಂದ್ರರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಪ್ರಾಂತಕ್ಕೇ ಮೊದಲಿಗರಾಗಿ ತೇರ್ಗಡೆಯಾದರು. ಆಗ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಅಲ್ಲಿಂದ ಐ.ಸಿ.ಎಸ್. ಅಧಿಕಾರಿಯಾಗಿ ಮರಳಿ ಬಂಗಾಳದಲ್ಲಿ ನ್ಯಾಯಾಧೀಶರಾದರು. ಮುಂದೆ ಅಸ್ಸಾಮಿನಲ್ಲಿ ಸರಕಾರದ ಕಾನೂನು ಕೆಲಸವನ್ನು ನೋಡಿಕೊಂಡರು. ತಮ್ಮಂದಿರೂ ಸಾಮಾನ್ಯರಲ್ಲ. ಬೆನಗಲ್ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು, ಪತ್ರಕರ್ತ ಬಿ. ಶಿವರಾಯರು ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಆಯ್ಕೆಯಾದರು.

1935ರ ಭಾರತ ಸರಕಾರ ಕಾಯಿದೆಗೆ ಹೊಂದುವಂತೆ ಹಳೆಯ ಕಾನೂನುಗಳನ್ನೆಲ್ಲ ತಿದ್ದುವ ಹೊಣೆ ರಾಯರ ಪಾಲಿಗೆ ಬಂತು. 1938ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1941ರಲ್ಲಿ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ, ಹೆಣ್ಣುಮಕ್ಕಳ ಆಸ್ತಿಯ ಹಕ್ಕನ್ನು ಕುರಿತು ದೇಶದ ಗಮನ ಸೆಳೆದರು. ಸಿಂಧೂ ನದಿಯ ನೀರಿನ ವಿಚಾರದಲ್ಲಿ ಪಂಜಾಬು ಮತ್ತು ಸಿಂಧ ಪ್ರಾಂತಗಳು ಕಾದಾಡಿದಾಗ ಆ ಆಯೋಗವನ್ನು ನಡೆಸಿದವರೂ ಅವರೇ. ಸ್ವಲ್ಪ ಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿಯೂ ಇದ್ದರು.

1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದ ಅವರು ಆ ಕೆಲಸಕ್ಕೆ ಸಂಬಳ ಪಡೆಯಲಿಲ್ಲ. 1947ರ ಅಕ್ಟೋಬರಿನಲ್ಲಿ 243 ವಿಧಿಗಳ, 13 ಅನುಸೂಚಿಗಳ ಕರಡನ್ನು ಒಪ್ಪಿಸಿ, ಅಮೇರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ಕಾನೂನು ಪಂಡಿತರ ಅಭಿಪ್ರಾಯ ಕೇಳಿ ಬಂದರು. ಬರ್ಮಾದ ಸಂವಿಧಾನಕ್ಕೂ ಅವರ ನೆರವು ಸಂದಿತು.

ಆ ಪ್ರವಾಸದ ಒಂದು ಫಲ ನಮ್ಮ ಕಾಸರಗೋಡಿಗೂ ತಟ್ಟಿತೆನ್ನಬೇಕು. ಅಮೇರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ಸಲಹೆಯಿಂದ, ವ್ಯಕ್ತಿಯ ಸ್ವಾತಂತ್ರ್ಯವನ್ನು ಕಾನೂನು ವಿಧಿಸಿದ ಕ್ರಮದಂತೆ ಕಸಿಯಬಹುದೆಂಬ ಬಗೆಯ ಮಾತೇ ಸಾಕೆಂದು ರಾಯರಿಗೆ ತೋರಿತು. ಆ ಕ್ರಮವೇ ನ್ಯಾಯವಾದುದೋ ಎಂದು ಕೋರ್ಟು ಅಳೆಯುವ ಅವಕಾಶ ಇದರಿಂದ ಕುಗ್ಗಿತು. 1950ರಲ್ಲಿ ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಎ.ಕೆ. ಗೋಪಾಲನ್ ಅವರು ಸೋತುದು ಈ ಮಾತಿನ ಬಲದಿಂದಲೇ. ಅದೇ ಗೋಪಾಲನ್ 1957ರಿಂದ ಮೂರು ಬಾರಿ ಕಾಸರಗೋಡಿನಿಂದ ಲೋಕಸಭೆಗೆ ಗೆದ್ದರು. ಆ ಮಾತಿಗೆ ಉದಾರವಾದ ಅರ್ಥ ಸಿಗಲು 1978ರ ಮೇನಕಾ ಗಾಂಧಿ ಪ್ರಕರಣದವರೆಗೆ ಕಾಯಬೇಕಾಯಿತು. ದೊಡ್ಡವರ ಬರಹದಲ್ಲೂ ಕೊರತೆಯಿರುತ್ತದೆ. ಅದನ್ನು ಮರೆಮಾಚುವುದು ಗೌರವವಲ್ಲ.

1949ರಲ್ಲಿ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. ಆಗ ಆಫ್ರಿಕದ ಸೊಮಾಲಿಲ್ಯಾಂಡಿನ ಪ್ರಶ್ನೆ ಮಹಾಸಭೆಯ ಮುಂದಿತ್ತು. ಯುದ್ಧದಲ್ಲಿ ಸೋತ ಇಟೆಲಿಗೇ ಆ ನಾಡನ್ನು 10 ವರ್ಷ ಒಪ್ಪಿಸುವುದೆಂದು ತೀರ್ಮಾನವಾಯಿತು. ಹಳೆಯ ದೊರೆಯೇ ಮರಳಿ ಬಂದರೆ ಗತಿಯೇನೆಂದು ಸೊಮಾಲಿಗಳು ಕಳವಳಗೊಂಡರು. ಜನರ ಹಕ್ಕುಗಳನ್ನೂ ಸ್ವರಾಜ್ಯಕ್ಕೆ ಸಾಗುವ ದಾರಿಯನ್ನೂ ಒಪ್ಪಂದದಲ್ಲಿಯೇ ಬರೆದಿಡಬೇಕೆಂದು ಮಹಾಸಭೆ 1949ರ ನವೆಂಬರ್ 21ರಂದು ನಿರ್ಣಯಿಸಿತು. ಅದಕ್ಕೆ ಮಾರ್ಗದರ್ಶಿಯಾಗಿ ನಿರ್ಣಯಕ್ಕೆ ಲಗತ್ತಿಸಿದ ಬರಹ ಭಾರತದ ನಿಯೋಗದ್ದು. ಅದೇ ವಾರದಲ್ಲಿ, ನವೆಂಬರ್ 26ರಂದು, ದಿಲ್ಲಿಯಲ್ಲಿ ನಮ್ಮ ಸಂವಿಧಾನವೂ ಅಂಗೀಕಾರವಾಯಿತು! ಸೊಮಾಲಿಯ 1960ರ ಜುಲೈ 1ರಂದು ಸ್ವತಂತ್ರವಾಯಿತು. 1969ರಲ್ಲಿ ಸೈನ್ಯ ಅಧಿಕಾರ ಕಸಿದುದು ಬೇರೆಯೇ ಕಥೆ. ಕಾಗದದ ಮೇಲಿನ ಹಕ್ಕನ್ನು ಕಾಯುವವರೂ ಬೇಕೆಂಬುದಕ್ಕೆ ಅದು ಸಾಕ್ಷಿ.

1950ರ ಜೂನ್ ತಿಂಗಳಲ್ಲಿ ರಾಯರು ಭದ್ರತಾ ಸಮಿತಿಯ ಅಧ್ಯಕ್ಷರಾಗಿದ್ದರು. ಜೂನ್ 25ರಂದು ಕೊರಿಯದಲ್ಲಿ ಯುದ್ಧ ಸಿಡಿಯಿತು. ಯುದ್ಧ ನಿಲ್ಲಲಿ, ಉತ್ತರ ಕೊರಿಯದ ಸೈನ್ಯ ಹಿಂದೆ ಸರಿಯಲಿ ಎಂಬ ನಿರ್ಣಯಕ್ಕೆ ಭಾರತ ಮತವಿತ್ತಿತು. ಮುಂದೆ ಅಮೇರಿಕದ ನೇತೃತ್ವದ ಪಡೆಯನ್ನು ಕಟ್ಟುವ ಮಾತು ಬಂದಾಗ ಮತ ಹಾಕದೆ ದೂರ ನಿಂತಿತು. ಅದೇ ಡಿಸೆಂಬರಿನಲ್ಲಿ ರಾಯರು, ಕೆನಡಾದ ಪಿಯರ್ಸನ್ ಮತ್ತು ಇರಾನಿನ ಎಂತೆಜಾಂ, ಈ ಮೂವರು ಕದನವಿರಾಮಕ್ಕಾಗಿ ಯತ್ನಿಸಿದರು. ಚೀನ ಒಪ್ಪಲಿಲ್ಲ. ಯತ್ನ ವಿಫಲವಾಯಿತು, ಆದರೆ ಎರಡು ಬಣಗಳ ಗದ್ದಲದ ನಡುವೆ ಸಮಾಧಾನದ ದನಿಯೊಂದು ಉಳಿಯಿತು.

1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ಎರಡು ವರ್ಷ ತುಂಬುವ ಮೊದಲೇ, 1953ರ ನವೆಂಬರ್ 30ರಂದು, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕೊನೆಯುಸಿರೆಳೆದರು.

ಭಾಷಣ ಮಾಡಿ ಹೆಸರಾದವರಲ್ಲ ರಾಯರು. ಬರೆದು, ತಿದ್ದಿ, ಬದಿಗೆ ಸರಿದವರು. ಅವರು ತೀರಿ ಮೂರು ವರ್ಷಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಇಚಲಕರಂಜಿ, ಗಡಹಿಂಗ್ಲಜ ಕಡೆಯ ಕನ್ನಡಿಗರು ಗಡಿಯ ಆಚೆಗೇ ಉಳಿದರು. ಅಂದಿನಿಂದ ನಾವು ನಮ್ಮ ಶಾಲೆ, ನಮ್ಮ ನುಡಿ ಎಂದು ಅರ್ಜಿ ಬರೆಯುವಾಗಲೆಲ್ಲ ಆಸರೆಯಾಗಿರುವುದು ಸಂವಿಧಾನದ 29 ಮತ್ತು 30ನೆಯ ವಿಧಿಗಳು. ಅವು ಇಡೀ ಸಭೆಯ ಕೊಡುಗೆ, ಒಬ್ಬರದಲ್ಲ. ಆದರೆ ಸಭೆಯ ತೀರ್ಮಾನಗಳನ್ನು ಮೊದಲು ಕರಡಿನಲ್ಲಿ ಕೂಡಿಸಿದ ಲೇಖನಿ ಮಂಗಳೂರಿನ ಶಾಲೆಯಲ್ಲಿ ಅಕ್ಷರ ತಿದ್ದಿದ ಕೈಯಲ್ಲಿತ್ತು. ನಮ್ಮ ಮಕ್ಕಳು ಅಷ್ಟನ್ನಾದರೂ ತಿಳಿದಿರಲಿ.