ಬಯಾಸ್‌ಗೆ ಹೆಸರಿಟ್ಟ ಗ್ಯಾರಿ ಕಿಲ್ಡಾಲ್

ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡೋಕೆ ಕೂತಾಗ ನಾವೆಲ್ಲ ಒಮ್ಮೆಯಾದರೂ ಎಫ್2 ಒತ್ತಿ ಬಯಾಸ್ ಪರದೆಗೆ ಹೋಗಿರ್ತೀವಿ. ಬೂಟ್ ಆರ್ಡರ್ ಬದಲಿಸಿ, ಸೇವ್ ಮಾಡಿ ಹೊರಬಂದರೆ ನಮ್ಮ ಕೆಲಸ ಮುಗೀತು. ಆ ಹೆಸರು ಎಲ್ಲಿಂದ ಬಂತು ಅಂತ ಎಷ್ಟು ಜನ ಯೋಚಿಸಿದ್ದೀವಿ? ಅದರ ಹಿಂದಿರುವ ಗ್ಯಾರಿ ಕಿಲ್ಡಾಲ್ ಅವರ ಬದುಕನ್ನು ಈ ಬಾರಿ ನೋಡೋಣ ಬನ್ನಿ.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಅವರ ಮನೆಯವರು ನಾವಿಕರಿಗೆ ಪಾಠ ಹೇಳುವ ಶಾಲೆ ನಡೆಸುತ್ತಿದ್ದರು. ಗಣಿತದ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದವರು ಕಂಪ್ಯೂಟರ್ ಕಡೆ ಹೊರಳಿ, 1972ರಲ್ಲಿ ಪಿಎಚ್.ಡಿ. ಮುಗಿಸಿದರು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಮಾಡಿದರು. ನಮ್ಮ ಕಂಪೈಲರ್ ಪುಸ್ತಕದಲ್ಲಿ ಡೇಟಾ ಫ್ಲೋ ಅನಾಲಿಸಿಸ್ ಅಂತ ಒಂದು ಅಧ್ಯಾಯ ಬರುತ್ತಲ್ಲ, ಅದರ ಬೇರು ಅವರು 1973ರಲ್ಲಿ ಮಂಡಿಸಿದ ಪ್ರಬಂಧದಲ್ಲಿದೆ.

ಪಾಠದ ಜೊತೆಗೇ ಇಂಟೆಲ್ ಕಂಪನಿಗೆ ಸಲಹೆಗಾರರಾಗಿ ದುಡಿದು, ಅದರ ಪ್ರೊಸೆಸರ್‌ಗಳಿಗಾಗಿ ಪಿಎಲ್/ಎಂ ಎಂಬ ಭಾಷೆ ರೂಪಿಸಿದರು. ಆಗ ಪ್ರೋಗ್ರಾಂ ಉಳಿಸಿಡೋಕೆ ಕಾಗದದ ಟೇಪೇ ಗತಿ. ಕಿಲ್ಡಾಲ್ ಕೈಗೆ ಒಂದು ಎಂಟಿಂಚಿನ ಫ್ಲಾಪಿ ಡ್ರೈವ್ ಸಿಕ್ಕಿತು. ಆದರೆ ಅದನ್ನು ಪ್ರೊಸೆಸರ್‌ಗೆ ಜೋಡಿಸುವ ಕಂಟ್ರೋಲರ್ ಇರಲಿಲ್ಲ. ಗೆಳೆಯ ಜಾನ್ ಟೊರೋಡ್ ಅದನ್ನು ಕಟ್ಟಿಕೊಟ್ಟರು. 1974ರಲ್ಲಿ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಆ ಡ್ರೈವ್ ಮೇಲೆ ಓಡಿತು. ಒಂದು ಫ್ಲಾಪಿಯಲ್ಲಿ 77 ಟ್ರ್ಯಾಕ್, ಪ್ರತಿ ಟ್ರ್ಯಾಕಿಗೆ 26 ಸೆಕ್ಟರ್, ಪ್ರತಿ ಸೆಕ್ಟರಿಗೆ 128 ಬೈಟ್. ಗುಣಿಸಿ ನೋಡಿ, ಎಲ್ಲ ಸೇರಿ ಸುಮಾರು 250 ಕೆಬಿ!

ಕಷ್ಟ ಶುರುವಾಗಿದ್ದು ಆಮೇಲೆ. ಒಬ್ಬೊಬ್ಬ ತಯಾರಕರ ಕಂಟ್ರೋಲರ್ ಒಂದೊಂದು ಥರ, ಪೋರ್ಟ್ ಸಂಖ್ಯೆಗಳೂ ಬೇರೆ ಬೇರೆ. ಹೊಸ ಯಂತ್ರ ಬಂದಾಗಲೆಲ್ಲ ಸಿಸ್ಟಮ್ಮಿನ ಒಳಗೆ ಕೈಹಾಕಿ ತಿದ್ದಬೇಕಿತ್ತು. ಇಮ್ಸಾಯ್ ಕಂಪನಿ ತನ್ನ ಕಂಪ್ಯೂಟರಿಗೂ ಸಿಪಿ/ಎಂ ಬೇಕೆಂದು ಬಂದ ಹೊತ್ತಿಗೆ ಕಿಲ್ಡಾಲ್‌ಗೆ ಈ ತಿದ್ದಾಟ ಸಾಕುಸಾಕಾಗಿತ್ತು. ಯಂತ್ರಕ್ಕೆ ತಕ್ಕಂತೆ ಬದಲಾಗುವ ಕೋಡನ್ನೆಲ್ಲ ಹೊರತೆಗೆದು ಒಂದೇ ಕಡೆ ಇಟ್ಟು, ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್, ಅಂದರೆ ಬಯಾಸ್, ಎಂದು ಕರೆದರು.

ಅದು ಕೆಲಸ ಮಾಡೋದು ಹೀಗೆ. ಫೈಲುಗಳ ಲೆಕ್ಕ ನೋಡುವ ಮೇಲಿನ ಭಾಗಕ್ಕೆ ಯಾವ ಚಿಪ್ ಇದೆ ಅಂತ ಗೊತ್ತೇ ಇರಲ್ಲ. ಡಿಸ್ಕ್ ಆರಿಸು, ಟ್ರ್ಯಾಕ್ ಹೇಳು, ಸೆಕ್ಟರ್ ಹೇಳು, ಓದು, ಬರೆ, ಕೀಬೋರ್ಡಿನಿಂದ ಒಂದು ಅಕ್ಷರ ತಾ: ಇಷ್ಟೇ ಅದು ಕೇಳೋದು. ಕೇಳುವ ಜಾಗ ಒಂದು ಜಂಪ್ ಟೇಬಲ್. ಸಿಪಿ/ಎಂ 2.2ರಲ್ಲಿ ಆ ಟೇಬಲ್ಲಿನಲ್ಲಿ ಇದ್ದದ್ದು 17 ನಮೂದುಗಳು, ಒಂದೊಂದೂ ಮೂರು ಬೈಟಿನ ಜಂಪ್ ಸೂಚನೆ. ಹೊಸ ಯಂತ್ರ ಬಂತಾ? ಆ 17 ಚಿಕ್ಕ ರೂಟೀನ್ ಬರೆದರೆ ಸಾಕು. ಹಾರ್ಡ್‌ವೇರಿನ ತೊಡಕು ಎಲ್ಲೂ ಹೋಗಿರಲಿಲ್ಲ, ಆದರೆ ಅದು ಎಲ್ಲಿದೆ ಅನ್ನೋದು ಎಲ್ಲರಿಗೂ ಗೊತ್ತಾಯಿತು. ಕಿಲ್ಡಾಲ್ ಮತ್ತು ಪತ್ನಿ ಡೊರೊಥಿ ಸ್ಥಾಪಿಸಿದ ಡಿಜಿಟಲ್ ರಿಸರ್ಚ್ ಕಂಪನಿಯ ಸಿಪಿ/ಎಂ ನೂರಾರು ಬಗೆಯ ಯಂತ್ರಗಳಿಗೆ ಹಬ್ಬಿತು.

1980ರಲ್ಲಿ ಐಬಿಎಂನವರು ಪೆಸಿಫಿಕ್ ಗ್ರೋವ್‌ನಲ್ಲಿದ್ದ ಅವರ ಕಚೇರಿಗೆ ಬಂದರು. ಮಾತುಕತೆ ಕುದುರಲಿಲ್ಲ. ಅಷ್ಟರಲ್ಲಿ ಸಿಯಾಟಲ್‌ನಲ್ಲಿ ಟಿಮ್ ಪ್ಯಾಟರ್ಸನ್, ಸಿಪಿ/ಎಂ ಕರೆಗಳಿಗೇ ಹೊಂದುವಂಥ ಸಿಸ್ಟಮ್ ಒಂದನ್ನು ಬರೆದಿದ್ದರು. ಮೈಕ್ರೋಸಾಫ್ಟ್ ಅದನ್ನು ಕೊಂಡು ಐಬಿಎಂಗೆ ಕೊಟ್ಟಿತು. ಮುಂದೆ ಐಬಿಎಂ ಎರಡನ್ನೂ ಮಾರಾಟಕ್ಕಿಟ್ಟಾಗ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್. ಜನ ಯಾವುದನ್ನು ಕೊಂಡರು ಅಂತ ಬೇರೆ ಹೇಳಬೇಕಾ?

ಅಲ್ಲಿಂದ ಮುಂದೆ ಕಿಲ್ಡಾಲ್ ಅಂದರೆ ಐಬಿಎಂ ಬಂದ ದಿನ ವಿಮಾನ ಹಾರಿಸಲು ಹೋಗಿ ಅದೃಷ್ಟ ಕಳಕೊಂಡ ಮನುಷ್ಯ ಅನ್ನುವ ಕಥೆಯೇ ಉಳಿಯಿತು. ಅವರು ಅಂದು ವಿಮಾನದಲ್ಲಿ ಹೋಗಿದ್ದು ನಿಜ, ಆದರೆ ಕಂಪನಿಯ ಕೆಲಸದ ಮೇಲೆ. ಆ ಕಥೆ ಅವರನ್ನು ಕೊನೆತನಕ ನೋಯಿಸಿತು. 1991ರಲ್ಲಿ ಕಂಪನಿ ನೊವೆಲ್ ಪಾಲಾಯಿತು. 1994ರ ಜುಲೈ 11ರಂದು, ತಲೆಗೆ ಪೆಟ್ಟಾದ ಕೆಲವೇ ದಿನಗಳಲ್ಲಿ, ಮಾಂಟೆರೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 52 ವರ್ಷ. ಸಿಪಿ/ಎಂ ಹುಟ್ಟಿದ ನೆನಪಿಗೆ ಐಇಇಇ ಸಂಸ್ಥೆ ಪೆಸಿಫಿಕ್ ಗ್ರೋವ್‌ನಲ್ಲಿ ಫಲಕ ಹಾಕಿದ್ದು 2014ರಲ್ಲಿ.

ಲಿನಕ್ಸ್‌ನಲ್ಲಿ ಮೊದಲ ಕ್ಯಾರೆಕ್ಟರ್ ಡ್ರೈವರ್ ಬರೆಯುವಾಗ ನಾವು ಮಾಡೋದೇನು? ಓಪನ್, ರೀಡ್, ರೈಟ್, ರಿಲೀಸ್ ಎಂಬ ಖಾಲಿ ಜಾಗಗಳಿಗೆ ನಮ್ಮ ಫಂಕ್ಷನ್ ತುಂಬುತ್ತೇವೆ, ಕರ್ನಲ್‌ನ ಉಳಿದ ಭಾಗ ಮುಟ್ಟೋದಿಲ್ಲ. ಒಂದು ವ್ಯವಹಾರ ಕೈತಪ್ಪಿದ್ದಕ್ಕೆ ನೆನಪಾಗುವ ಆ ಮೇಷ್ಟ್ರು, ಹೀಗೆ ಗಡಿ ಹಾಕಿಕೊಂಡು ಬರೆಯೋದನ್ನು ಸಣ್ಣ ಕಂಪ್ಯೂಟರುಗಳ ಜಗತ್ತಿಗೆ ರೂಢಿ ಮಾಡಿಸಿದವರು. ಮುಂದಿನ ಸಲ ಎಫ್2 ಒತ್ತಿದಾಗ ಅವರನ್ನು ಇದಕ್ಕಾಗಿ ನೆನೆಯೋಣ, ಅಲ್ವಾ?