ವಾಲ್ಟ್ ಡಿಸ್ನಿ ಇನ್ನೂ ಫ್ರೀಜರ್‌ನಲ್ಲಿ ಮಲಗಿದ್ದಾರಾ? ಮಿಕ್ಕಿ ಮೌಸ್ ಜನಕನ ನಿಜವಾದ ಕಥೆ

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಮಿಕ್ಕಿ ಮೌಸ್ ಸೃಷ್ಟಿಸಿದ ವಾಲ್ಟ್ ಡಿಸ್ನಿ ಅವರ ದೇಹವನ್ನು (ಕೆಲವು ಮೆಸೇಜ್‌ಗಳಲ್ಲಿ ಬರೀ ತಲೆಯನ್ನು) ಹೆಪ್ಪುಗಟ್ಟಿಸಿ, ಡಿಸ್ನಿಲ್ಯಾಂಡ್‌ನ ಪೈರೇಟ್ಸ್ ರೈಡ್ ಕೆಳಗೆ ಬಚ್ಚಿಟ್ಟಿದ್ದಾರಂತೆ. ಕ್ಯಾನ್ಸರ್‌ಗೆ ಮದ್ದು ಸಿಕ್ಕ ದಿನ ಎಬ್ಬಿಸುತ್ತಾರಂತೆ. 2013ರಲ್ಲಿ ಫ್ರೋಜನ್ ಸಿನಿಮಾ ಬಂದ ಮೇಲೆ ಇದಕ್ಕೊಂದು ಬಾಲವೂ ಸೇರಿತು: ಗೂಗಲ್‌ನಲ್ಲಿ ಹುಡುಕಿದರೆ ಸಿನಿಮಾ ಮಾತ್ರ ಸಿಗಲಿ ಎಂದೇ ಆ ಹೆಸರಿಟ್ಟರು ಎಂದು. ಕೇಳೋಕೆ ಮಜಾ ಇದೆ, ಆದರೆ ಸುಳ್ಳು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರೆಸಿಡಿಯೊ ಎಂಬ ಹಳೆಯ ಸೇನಾ ನೆಲೆ ಇದೆ. ಅಲ್ಲಿ ಸೈನಿಕರು ಇರುತ್ತಿದ್ದ ಇಟ್ಟಿಗೆ ಕಟ್ಟಡವೊಂದರಲ್ಲಿ 2009ರ ಅಕ್ಟೋಬರ್‌ನಲ್ಲಿ ವಾಲ್ಟ್ ಡಿಸ್ನಿ ಫ್ಯಾಮಿಲಿ ಮ್ಯೂಸಿಯಂ ಶುರುವಾಯಿತು. ಶುರು ಮಾಡಿದ್ದು ಕಂಪನಿ ಅಲ್ಲ, ಮಗಳು ಡಯಾನ್ ಡಿಸ್ನಿ ಮಿಲ್ಲರ್. ಡಿಸ್ನಿ ಎಂದರೆ ಬರೀ ಬ್ರ್ಯಾಂಡ್ ಅಂದುಕೊಂಡವರಿಗೆ ಹಿಂದೊಬ್ಬ ಮನುಷ್ಯ ಇದ್ದರು ಎಂದು ತೋರಿಸುವುದು ಅವರ ಆಸೆ. ಒಳಗೆ ಕೋಣೆಯಿಂದ ಕೋಣೆಗೆ ನಡೆದರೆ ಹುಟ್ಟಿನಿಂದ ಸಾವಿನವರೆಗೆ ಅವರ ಬದುಕು ಸಾಗುತ್ತದೆ.

1901ರ ಡಿಸೆಂಬರ್ 5ರಂದು ಶಿಕಾಗೋದಲ್ಲಿ ಹುಟ್ಟಿದ ವಾಲ್ಟ್, ಮಿಸೌರಿಯ ಮಾರ್ಸಲೀನ್ ಊರಿನ ಹೊಲದಲ್ಲಿ ಕೆಲವು ವರ್ಷ ಕಳೆದರು. ಆಮೇಲೆ ಕುಟುಂಬ ಕ್ಯಾನ್ಸಾಸ್ ಸಿಟಿಗೆ ಬಂತು. ಅಲ್ಲಿ ಅಣ್ಣ ರಾಯ್ ಜೊತೆ ನಸುಕಿನಲ್ಲೆದ್ದು ಮನೆಮನೆಗೆ ಪೇಪರ್ ಹಾಕುವ ಕೆಲಸ. ಹಿಮ ಬೀಳುವ ಚಳಿಗಾಲದಲ್ಲೂ ರಜೆ ಇಲ್ಲ. ದೊಡ್ಡವರಾದ ಮೇಲೆ ಅದೇ ಊರಲ್ಲಿ ತೆರೆದ ಮೊದಲ ಕಾರ್ಟೂನ್ ಸ್ಟುಡಿಯೋ 1923ರಲ್ಲಿ ದಿವಾಳಿಯಾಯಿತು. ಹಾಲಿವುಡ್‌ಗೆ ಹೋಗಿ ಅದೇ ವರ್ಷ ಅಣ್ಣನ ಜೊತೆ ಮತ್ತೊಂದು ಸ್ಟುಡಿಯೋ ಕಟ್ಟಿದರು. ಆಸ್ವಾಲ್ಡ್ ಎಂಬ ಮೊಲದ ಕಾರ್ಟೂನ್ ಹಿಟ್ ಆಯಿತು. ಆದರೆ ಕಾಗದಪತ್ರದ ಪ್ರಕಾರ ಆ ಮೊಲದ ಹಕ್ಕು ಅವರ ಹೆಸರಲ್ಲಿ ಇರಲಿಲ್ಲ. 1928ರಲ್ಲಿ ಮೊಲವೂ ಹೋಯಿತು, ಜೊತೆಗಿದ್ದ ಬಹುಪಾಲು ಕಲಾವಿದರೂ ಹೋದರು.

ಆಗ ಬಂದದ್ದು ಇಲಿ. ಮಿಕ್ಕಿಯನ್ನು ವಾಲ್ಟ್ ಒಬ್ಬರೇ ಬಿಡಿಸಿದರು ಎಂಬುದು ಅರ್ಧ ಸತ್ಯ. ರೂಪ ಕೊಟ್ಟು, ಮೊದಲ ಚಿತ್ರಗಳನ್ನು ಹೆಚ್ಚಾಗಿ ಬಿಡಿಸಿದ್ದು ಗೆಳೆಯ ಅಬ್ ಐವರ್ಕ್ಸ್. ವಾಲ್ಟ್ ಕೊಟ್ಟಿದ್ದು ಸ್ವಭಾವ, ಮತ್ತು ಸುಮಾರು ಎರಡು ದಶಕ ತಮ್ಮದೇ ದನಿ. 1928ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ತೆರೆಕಂಡ ಸ್ಟೀಮ್‌ಬೋಟ್ ವಿಲ್ಲಿ, ಶಬ್ದ ಮತ್ತು ಚಿತ್ರ ತಾಳಕ್ಕೆ ತಾಳ ಕೂಡಿದ್ದರಿಂದ ಜನರನ್ನು ಹಿಡಿದಿಟ್ಟಿತು.

ಮ್ಯೂಸಿಯಂನಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಸ್ವಾರಸ್ಯದ ವಸ್ತು ಮಲ್ಟಿಪ್ಲೇನ್ ಕ್ಯಾಮೆರಾ. ಓಡುವ ಬಸ್ಸಿನ ಕಿಟಕಿಯಿಂದ ನೋಡಿ: ಹತ್ತಿರದ ಕರೆಂಟ್ ಕಂಬ ಸರ್ರನೆ ಹಿಂದೆ ಓಡುತ್ತದೆ, ದೂರದ ಬೆಟ್ಟ ನಿಧಾನವಾಗಿ ಸರಿಯುತ್ತದೆ. ದೂರ ಎಷ್ಟು ಎಂದು ನಮ್ಮ ಮೆದುಳು ಲೆಕ್ಕ ಹಾಕುವುದು ಈ ವ್ಯತ್ಯಾಸದಿಂದಲೂ ಹೌದು. ಒಂದೇ ಹಾಳೆಯ ಮೇಲೆ ಬರೆದ ಚಿತ್ರದಲ್ಲಿ ಇದು ಸಿಗುವುದಿಲ್ಲ. ಅದಕ್ಕೇ ಡಿಸ್ನಿ ತಂಡ ಮರ, ಮನೆ, ಆಕಾಶವನ್ನು ಬೇರೆಬೇರೆ ಗಾಜಿನ ಮೇಲೆ ಬರೆದು, ಅಟ್ಟದಂತೆ ಒಂದರ ಮೇಲೊಂದು ಜೋಡಿಸಿ, ಒಂದೊಂದನ್ನು ಒಂದೊಂದು ವೇಗದಲ್ಲಿ ಸರಿಸುತ್ತಾ ಮೇಲಿನಿಂದ ಶೂಟ್ ಮಾಡಿತು. ಪರದೆಯ ಒಂದು ಸೆಕೆಂಡಿಗೆ 24 ಫ್ರೇಮ್! 1937ರ ಡಿಸೆಂಬರ್ 21ರಂದು ಮೊದಲ ಪ್ರದರ್ಶನ ಕಂಡ ಸ್ನೋ ವೈಟ್‌ನ ಕಾಡಿಗೆ ಆಳ ಬಂದದ್ದು ಹೀಗೆ. ಅದಕ್ಕೆ ಸಿಕ್ಕ ವಿಶೇಷ ಆಸ್ಕರ್ ಕೂಡ ಇಲ್ಲಿದೆ: ಒಂದು ದೊಡ್ಡದು, ಪಕ್ಕದಲ್ಲಿ ಏಳು ಪುಟ್ಟವು.

ಸ್ನೋ ವೈಟ್ ಗೆದ್ದ ಖುಷಿಯಲ್ಲಿ ಮಕ್ಕಳು ಅಪ್ಪ ಅಮ್ಮನಿಗೆ ಮನೆ ಕೊಡಿಸಿದರು. 1938ರ ನವೆಂಬರ್‌ನಲ್ಲಿ ಅದೇ ಮನೆಯ ಕೆಟ್ಟ ಹೀಟರ್‌ನಿಂದ ಹೊಮ್ಮಿದ ಅನಿಲಕ್ಕೆ ತಾಯಿ ಫ್ಲೋರಾ ಬಲಿಯಾದರು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟವರು ಇವತ್ತೇ ಕಿಟಕಿ ನೋಡಿಕೊಳ್ಳಿ.

ಇನ್ನೊಂದು ವಿಷಯ ಹೇಳಲೇಬೇಕು. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಸಮುದ್ರಕ್ಕೆ ಹಾರಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಹಳೆಯ ಸುಳ್ಳನ್ನು ಜಗತ್ತಿಗೆಲ್ಲ ಹರಡಿದ್ದು ಡಿಸ್ನಿ ಕಂಪನಿಯದೇ 1958ರ ಸಾಕ್ಷ್ಯಚಿತ್ರ ವೈಟ್ ವೈಲ್ಡರ್‌ನೆಸ್. ಅದಕ್ಕೆ ಆಸ್ಕರ್ ಕೂಡ ಬಂತು. ಆ ದೃಶ್ಯಕ್ಕಾಗಿ ಪ್ರಾಣಿಗಳನ್ನು ಬೇರೆ ಕಡೆಯಿಂದ ತಂದು ನೀರಿಗೆ ಬೀಳಿಸಲಾಗಿತ್ತು ಎಂದು 1980ರ ದಶಕದಲ್ಲಿ ಕೆನಡಾದ ಸಿಬಿಸಿ ಬಯಲಿಗೆಳೆಯಿತು. ಲೆಮ್ಮಿಂಗ್‌ಗಳು ಸಂಖ್ಯೆ ಹೆಚ್ಚಾದಾಗ ವಲಸೆ ಹೋಗುತ್ತವೆ, ನೀರು ದಾಟುವಾಗ ಕೆಲವು ಸಾಯುತ್ತವೆ, ಅಷ್ಟೇ.

ಈಗ ಫ್ರೀಜರ್ ವಿಷಯ. ವಾಲ್ಟ್ ಹುಡುಗ ವಯಸ್ಸಿನಿಂದ ವಿಪರೀತ ಸಿಗರೇಟ್ ಸೇದುತ್ತಿದ್ದರು. 1966ರ ನವೆಂಬರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು, ಎಡ ಶ್ವಾಸಕೋಶ ತೆಗೆದರು. ಡಿಸೆಂಬರ್ 15ರಂದು, ಸ್ಟುಡಿಯೋ ಎದುರಿನ ಆಸ್ಪತ್ರೆಯಲ್ಲೇ ತೀರಿಕೊಂಡರು. ವಯಸ್ಸು 65. ಎರಡು ದಿನಕ್ಕೆ ದೇಹವನ್ನು ದಹನ ಮಾಡಲಾಯಿತು. ಅಂತ್ಯಕ್ರಿಯೆಗೆ ಮನೆಯವರು ಮಾತ್ರ ಇದ್ದರು, ಗುಸುಗುಸು ಹುಟ್ಟಲು ಅದೊಂದು ಸಾಕಾಯಿತು. ಒಂದೇ ತಿಂಗಳಲ್ಲಿ, 1967ರ ಜನವರಿ 12ರಂದು, ಜೇಮ್ಸ್ ಬೆಡ್‌ಫರ್ಡ್ ಎಂಬುವವರ ದೇಹವನ್ನು ಮೊದಲ ಬಾರಿಗೆ ಹೀಗೆ ಶೈತ್ಯೀಕರಿಸಿ ಇಡಲಾಯಿತು. ಜನ ಎರಡೂ ಸುದ್ದಿಗಳನ್ನು ಸೇರಿಸಿ ಹೊಲಿದರು. ಹಾಗೆ ಇಟ್ಟ ಯಾರನ್ನೂ ಇದುವರೆಗೆ ಎಬ್ಬಿಸಲು ಆಗಿಲ್ಲ. ಜೀವಕೋಶಗಳಲ್ಲಿನ ನೀರು ಮಂಜಿನ ಹರಳಾಗಿ ಅಂಗಾಂಶವನ್ನೇ ಹಾಳುಮಾಡುತ್ತದೆ. ಪೈರೇಟ್ಸ್ ರೈಡ್ ಜನರಿಗೆ ತೆರೆದದ್ದು 1967ರ ಮಾರ್ಚ್‌ನಲ್ಲಿ, ವಾಲ್ಟ್ ತೀರಿ ಮೂರು ತಿಂಗಳಾದ ಮೇಲೆ. ಅವರ ಚಿತಾಭಸ್ಮ ಇರುವುದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ, ಫಾರೆಸ್ಟ್ ಲಾನ್ ಸ್ಮಶಾನದ ಒಂದು ಸಣ್ಣ ಕೈತೋಟದಲ್ಲಿ. ಗೋಡೆಯ ಮೇಲೆ ಅವರ ಹೆಸರಿನ ಫಲಕವಿದೆ.