ಪದಗಳ ಅರ್ಥವೆಲ್ಲ ಮೆದುಳಿನ ಒಂದೇ ಜಾಗದಲ್ಲಿದೆಯೇ? ಕಾರ್ಲ್ ವೆರ್ನಿಕೆ ಕಂಡ ಸತ್ಯ

ಮೆದುಳಿನ ಚಿತ್ರಕ್ಕೆ ಬಣ್ಣ ಹಚ್ಚಿ, ಮಾತು ಇಲ್ಲಿ, ಅರ್ಥ ಅಲ್ಲಿ ಎಂದು ಗುರುತು ಹಾಕಿದ ಫಾರ್ವರ್ಡ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಅವುಗಳಲ್ಲಿ ಅರ್ಥದ ಜಾಗಕ್ಕೆ ವೆರ್ನಿಕೆ ಪ್ರದೇಶ ಎಂಬ ಹೆಸರಿರುತ್ತದೆ. ಆದರೆ ಆ ಹೆಸರಿನ ವೈದ್ಯರೇ ಹಾಗೆ ಹೇಳಿರಲಿಲ್ಲ!

ಕಾರ್ಲ್ ವೆರ್ನಿಕೆ ಹುಟ್ಟಿದ್ದು 1848ರಲ್ಲಿ, ಆಗ ಪ್ರಷ್ಯಾಕ್ಕೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಒಂದು ಊರಿನಲ್ಲಿ. ಬ್ರೆಸ್ಲಾವ್ ನಗರದಲ್ಲಿ ವೈದ್ಯಕೀಯ ಓದಿದರು. ಕೆಲವು ತಿಂಗಳು ವಿಯೆನ್ನಾದಲ್ಲಿ ಮೆದುಳು ತಜ್ಞ ಮೈನರ್ಟ್ ಅವರ ಬಳಿ ಕಲಿತರು.

ಅಷ್ಟರಲ್ಲಾಗಲೇ ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ, ಮಾತೇ ಹೊರಡದ ರೋಗಿಯೊಬ್ಬರ ಮೆದುಳಿನ ಮುಂಭಾಗಕ್ಕೆ ಎಡಗಡೆ ಹಾನಿಯಾಗಿದ್ದನ್ನು ತೋರಿಸಿದ್ದರು. ವೆರ್ನಿಕೆ ಗಮನಿಸಿದ ರೋಗಿಗಳು ಇದಕ್ಕೆ ತದ್ವಿರುದ್ಧ. ಅವರು ಸರಾಗವಾಗಿ ಮಾತಾಡುತ್ತಿದ್ದರು, ಆದರೆ ಪದಗಳು ಅದಲುಬದಲಾಗುತ್ತಿದ್ದವು. ಕಿವಿ ಕೇಳುತ್ತಿತ್ತು, ಆದರೆ ಬೇರೆಯವರ ಮಾತು ಅರ್ಥವಾಗುತ್ತಿರಲಿಲ್ಲ. ನೋಡಿದವರಿಗೆ ಬುದ್ಧಿ ಕೆಟ್ಟಂತೆ ಕಾಣಬಹುದಾದ ಈ ಸ್ಥಿತಿಗೆ, ಎಡಗಿವಿಯ ಮೇಲ್ಭಾಗದಲ್ಲಿ, ಸ್ವಲ್ಪ ಹಿಂದಕ್ಕೆ ಆದ ಹಾನಿ ಕಾರಣ ಎಂದು 1874ರಲ್ಲಿ ಅವರು ಪುಸ್ತಕ ಬರೆದರು. ಆಗ ಅವರ ವಯಸ್ಸು ಕೇವಲ 26.

ಅವರ ಪ್ರಕಾರ ಆ ಜಾಗದಲ್ಲಿ ಇರುವುದು ಪದದ ಧ್ವನಿಯ ನೆನಪು ಮಾತ್ರ. ಕಂಡದ್ದು, ಮುಟ್ಟಿದ್ದು, ಮಾಡಿದ್ದು ಇವೆಲ್ಲದರ ನೆನಪುಗಳು ಮೆದುಳಿನ ತುಂಬ ಹರಡಿದ್ದು, ಅವು ಒಂದಕ್ಕೊಂದು ಬೆಸೆದಾಗ ಅರ್ಥ ಹುಟ್ಟುತ್ತದೆ.

1885ರಲ್ಲಿ ಬ್ರೆಸ್ಲಾವ್‌ಗೆ ಮರಳಿ ಅಲ್ಲೇ ಬಹುಕಾಲ ಪಾಠ ಮಾಡಿದರು. 1904ರಲ್ಲಿ ಹಾಲೆ ನಗರಕ್ಕೆ ಹೋದರು. ಮರುವರ್ಷವೇ, ಸೈಕಲ್ ಸವಾರಿಯಲ್ಲಿ ಅಪಘಾತಕ್ಕೀಡಾಗಿ 57ನೇ ವಯಸ್ಸಿನಲ್ಲಿ ತೀರಿಕೊಂಡರು.

ಸುಮಾರು ನೂರು ವರ್ಷಗಳ ನಂತರ, 2004ರಲ್ಲಿ, ಕೇಂಬ್ರಿಜ್‌ನ ಸಂಶೋಧಕರು ನೆಕ್ಕು, ಹೆಕ್ಕು, ಒದೆ ಎಂಬರ್ಥದ ಇಂಗ್ಲಿಷ್ ಪದಗಳನ್ನು ಜನರಿಂದ ಮೌನವಾಗಿ ಓದಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಒದೆ ಎಂಬಂಥ ಪದ ಓದಿದಾಗ ಕಾಲಿನ ಚಲನೆಗೆ ಸಂಬಂಧಿಸಿದ ಭಾಗ, ಹೆಕ್ಕು ಎಂಬಂಥ ಪದಕ್ಕೆ ಬೆರಳಿನ ಭಾಗ ಚುರುಕಾದವು. ಕಾಲು ಮಾತ್ರ ಅಲ್ಲಾಡಿರಲಿಲ್ಲ! ಹಾಗೆಂದು ಅರ್ಥವೆಲ್ಲ ಚಲನೆಯ ಭಾಗದಲ್ಲೇ ಇದೆ ಎಂದಲ್ಲ. ಆ ಭಾಗದ ಪಾತ್ರ ಎಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಕ್ರಿಯಾಪದದ ಅರ್ಥಕ್ಕೆ ಮೆದುಳಿನ ಹಲವು ಭಾಗಗಳು ಕೈಜೋಡಿಸುತ್ತವೆ ಎಂಬ ಮಾತಿಗೆ ಬಲ ಬಂದಿದೆ.

ಇದರಿಂದ ನಮಗೇನು ಉಪಯೋಗ? ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಮಾತಾಡಿದರೆ, ಅಥವಾ ನಾವು ಹೇಳಿದ್ದು ಅವರಿಗೆ ತಿಳಿಯದಿದ್ದರೆ, ಕುಡಿದಿದ್ದಾರೆ, ಗಾಳಿ ಸೋಕಿದೆ, ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಅದು ಪಾರ್ಶ್ವವಾಯು ಇರಬಹುದು. ಕೈಕಾಲು ಚೆನ್ನಾಗಿಯೇ ಆಡುತ್ತಿರಬಹುದು, ಆದರೂ ತಡ ಮಾಡಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಕ್ಷಣ 108ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.